ಉಸ್ತಾದರು ಯಾರಿಗೆ ಕಲಿಸಿದರು?

ನಮ್ಮ ಶಾಲೆಯ ಉಗ್ರಾಣದಲ್ಲಿ ಒಂದು ತಂಬೂರಿ ಇತ್ತು. ಬಹಳ ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ದಾನವಾಗಿ ಕೊಟ್ಟದ್ದು. ಹರಿದ ನಕಾಶೆಗಳು, ಮುರಿದ ಗ್ಲೋಬು, ಕ್ರೀಡಾಕೂಟದ ಬಾವುಟಗಳ ನಡುವೆ ಅದು ಗೋಡೆಗೆ ಮುಖ ಮಾಡಿ ನಿಂತಿತ್ತು. ಹೊಸದಾಗಿ ವರ್ಗವಾಗಿ ಬಂದ ಕನ್ನಡ ಅಕ್ಕೋರು ಅದನ್ನು ನೋಡಿ, "ಇದನ್ನ ರಿಪೇರಿ ಮಾಡಿಸಿ ಕೊಡ್ರಿ ಸರ್, ಶನಿವಾರ ಸಾಲಿ ಬಿಟ್ಟ ಮ್ಯಾಲ ಆಸಕ್ತಿ ಇದ್ದ ಮಕ್ಕಳಿಗೆ ನಾಕು ಸ್ವರ ಹೇಳಿಕೊಡ್ತೀನಿ" ಎಂದರು. ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿದರು. "ಮೌಲಾನಾ, ತಾಯಿಯವರ ಔಷಧಕ್ಕಂತ ನೀವು ಮಿರಜಕ್ಕ ಹೋಗ್ತಿರ್ತೀರಲ್ಲ, ಇದನ್ನೂ ಒಯ್ದುಬಿಡ್ರಿ."

ನಾನು ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿ ಸಮಾಜ ವಿಜ್ಞಾನ ಪಾಠ ಮಾಡುವವನು. ಶಾಲೆಯಲ್ಲಿ ಎಲ್ಲರೂ ಮೌಲಾನಾ ಎಂದೇ ಕರೆಯುತ್ತಾರೆ. ಹಳೆಯ ಚಾದರಿನಲ್ಲಿ ತಂಬೂರಿಯನ್ನು ಸುತ್ತಿಕೊಂಡು ಕುಡಚಿಯಲ್ಲಿ ರೈಲು ಹತ್ತಿದೆ. ಅದರ ಕೊರಳು ಚಾದರಿನಿಂದ ಹೊರಗೇ ಇಣುಕುತ್ತಿತ್ತು. ಎದುರಿಗೆ ಕುಳಿತ ಟೊಪ್ಪಿಗೆಯ ಹಿರಿಯರೊಬ್ಬರು, "ಯಾ ಊರಾಗ ಭಜನಿ ಐತ್ರಿ?" ಎಂದು ಸಲುಗೆಯಿಂದ ಕೇಳಿದರು. ಉಗಾರದಲ್ಲಿ ಹತ್ತಿದ ನಮ್ಮವರೇ ಒಬ್ಬರು ಸಲಾಮ್ ಹೇಳಿ, ತಂಬೂರಿಯನ್ನೂ ನನ್ನ ಗಡ್ಡವನ್ನೂ ಎರಡೆರಡು ಸಲ ನೋಡಿ, "ಹಜರತ್, ಇದೇನು ನಿಮ್ಮ ಕೈಯಾಗ?" ಎಂದರು. ಇಬ್ಬರಿಗೂ "ರಿಪೇರಿಗೆ" ಎಂದಷ್ಟೇ ಹೇಳಿದೆ. ಆದರೆ ಆ ಎರಡು ಪ್ರಶ್ನೆಗಳು ಮಿರಜ ಮುಟ್ಟುವವರೆಗೂ ತಲೆಯಲ್ಲಿ ಉಳಿದವು. ಒಬ್ಬರಿಗೆ ತಂಬೂರಿ ಎಂದರೆ ಭಜನೆ. ಇನ್ನೊಬ್ಬರಿಗೆ ಅದು ನಮ್ಮದಲ್ಲದ ವಸ್ತು. ಅದನ್ನು ಮಾಡಿದವರು ಯಾರು, ಅದರ ಮುಂದೆ ಕುಳಿತು ಹಾಡಲು ಕಲಿಸಿದವರು ಯಾರು ಎಂಬುದು ಇಬ್ಬರಿಗೂ ಬೇಕಿರಲಿಲ್ಲ.

ಕತ್ತಿ ಮಸೆಯುತ್ತಿದ್ದ ಕೈಗಳು

ಮಿರಜದ ವಾದ್ಯ ತಯಾರಕರು ಮೂಲತಃ ಶಿಕಲಗಾರರು. ಅಂದರೆ ಕತ್ತಿ, ಭರ್ಚಿಗಳನ್ನು ಮಸೆದು ಹೊಳಪು ಕೊಡುವವರು. ಬ್ರಿಟಿಷರ ಆಳ್ವಿಕೆ ಗಟ್ಟಿಯಾದ ಮೇಲೆ ಸಂಸ್ಥಾನಗಳಲ್ಲಿ ಕತ್ತಿಗೆ ಕೆಲಸವಿಲ್ಲದಾಯಿತು. 19ನೇ ಶತಮಾನದ ಮಧ್ಯಭಾಗದಲ್ಲಿ ಫರೀದ್ ಸಾಹೇಬ್ ಎಂಬ ಶಿಕಲಗಾರರು ಒಡೆದ ತಂತಿವಾದ್ಯಗಳ ರಿಪೇರಿಗೆ ಕೈ ಹಾಕಿದರು. ಮುಂದೆ ಹೊಸ ವಾದ್ಯಗಳನ್ನೇ ಮಾಡಲಾರಂಭಿಸಿದರು. ಅಂದಿನ ಮಿರಜ ಸಂಸ್ಥಾನದ ಪಟವರ್ಧನ ಮನೆತನ ಅವರಿಗೆ ಆಸರೆಯಾಯಿತು. ಇಂದಿಗೂ ಆ ಓಣಿಯಲ್ಲಿ ಅವರ ವಂಶದವರೇ ಸಿತಾರ್, ತಂಬೂರಿ ಮಾಡುತ್ತಾರೆ. ಆಯುಧ ಮಾಡುತ್ತಿದ್ದವರು ನಾದಕ್ಕೆ ಬಂದದ್ದು ವೈರಾಗ್ಯದಿಂದಲ್ಲ, ಹೊಟ್ಟೆಪಾಡಿನಿಂದ. ರಾಜಕೀಯ ಬದಲಾದಾಗ ಒಂದು ಕಸುಬು ಸತ್ತು ಇನ್ನೊಂದು ಹುಟ್ಟಿತು.

ತಂಬೂರಿಯ ಮರ ಹೆಚ್ಚಾಗಿ ನಮ್ಮ ಕರ್ನಾಟಕದ ಕಾಡಿನಿಂದ ಹೋಗುತ್ತದೆ. ಬುರುಡೆ ಬರುವುದು ಮಂಗಳವೇಢೆ, ಪಂಢರಪುರದ ಕಡೆಯ ಹೊಲಗಳಿಂದ. ಮಂಗಳವೇಢೆ ಎಂದರೆ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕೆಲಸ ಮಾಡಿದ ಊರು. ತಿನ್ನುವ ಕುಂಬಳವಲ್ಲ ಇದು, ವಾದ್ಯಕ್ಕೆಂದೇ ಬೆಳೆಸುವ ದಪ್ಪ ಸಿಪ್ಪೆಯ ಕಾಯಿ. ಒಣಗಿಸಿ, ಕೊಯ್ದು, ನೀರಿನಲ್ಲಿ ನೆನೆಹಾಕಿ, ಒಳಗೆ ಕಡ್ಡಿಗಳನ್ನು ಆನಿಸಿ ಆಕಾರಕ್ಕೆ ತರುತ್ತಾರೆ. ಕೊನೆಯ ಕೆಲಸ ಎಲ್ಲಕ್ಕಿಂತ ಸೂಕ್ಷ್ಮ. ತಂತಿಗಳು ಕೂರುವ 'ಕುದುರೆ'ಯ ಮೇಲ್ಮೈಯನ್ನು ಕೂದಲೆಳೆಯಷ್ಟು ಅರದಿಂದ ಉಜ್ಜಿ, ತಂತಿಯ ಕೆಳಗೆ ದಾರದ ಎಳೆ ಸರಿಸಿ, ಝೇಂಕಾರ ಹೊರಡುವಂತೆ ಮಾಡುವುದು. ಇದಕ್ಕೆ 'ಜವಾರಿ' ತೆಗೆಯುವುದು ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿ ಕೋಳಿ, ನಾಟಿ ಬದನೆಕಾಯಿ! ಅದೇ ಪದ ಅಲ್ಲಿ ಕೇಳಿ ನನಗೆ ನಗು ಬಂತು.

ನಾನು ಹೋದ ಅಂಗಡಿಯ ಚಾಚಾ ಎಪ್ಪತ್ತು ದಾಟಿದವರು. ಬುರುಡೆಯ ಬಿರುಕನ್ನು ಬೆರಳಿನಿಂದ ತಡವಿ, "ಇದು ನಮ್ಮ ಓಣಿಯ ಕೆಲಸಾನೇ, ಮಾಸ್ತರ ಸಾಬ್. ಕೊರೆದ ಎಲಿ ನೋಡಿದ್ರ ತಿಳೀತೈತಿ" ಎಂದರು. ಈಗ ತಂಬೂರಿಗೆ ಬೇಡಿಕೆ ಹೇಗಿದೆ ಎಂದು ಕೇಳಿದೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು, ಈಗ ಮೊಬೈಲಿನಲ್ಲೇ ತಂಬೂರಿ ನುಡಿಯುತ್ತದೆ ಎಂದರು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಸರಕಾರದ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಅವರಿಗೆ ಸಂತೋಷದ ವಿಷಯ. ಆದರೆ ಹಿರಿಯ ಮಗ ಪುಣೆಯ ಕಾರ್ಖಾನೆಯಲ್ಲಿದ್ದಾನೆ, ಕಿರಿಯವನಿಗೆ ಈ ಕೆಲಸದಲ್ಲಿ ಮನಸ್ಸಿಲ್ಲ.

"ನಿಮ್ಮ ಮನೆಯಲ್ಲಿ ಯಾರಾದರೂ ಹಾಡುತ್ತಾರೆಯೇ?" ಎಂದು ಕೇಳಿದೆ.

ಚಾಚಾ ತಲೆ ಎತ್ತಲಿಲ್ಲ. "ನಮ್ಮ ಮನ್ಯಾಗ ಮಾಡ್ತೇವಿ ಸಾಬ್, ಹಾಡೂದಿಲ್ಲ."

'ಆರ್ಯ' ಶಾಲೆಯ ಖಾನ್ ಸಾಹೇಬರು

ತಂಬೂರಿ ಸಂಜೆಗೆ ಸಿದ್ಧವಾಗುತ್ತದೆ ಎಂದರು. ಅಷ್ಟರಲ್ಲಿ ಖ್ವಾಜಾ ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಫಾತಿಹಾ ಓದಿದೆ. ಉಸ್ತಾದ್ ಅಬ್ದುಲ್ ಕರೀಮ್ ಖಾನರ ಸಮಾಧಿ ಇಲ್ಲಿಯೇ ಇದೆ. ಪ್ರತಿ ವರ್ಷ ಉರೂಸಿನಲ್ಲಿ ಅವರ ನೆನಪಿಗಾಗಿ ಗಾಯಕರು ಬಂದು ಇಲ್ಲಿ ಹಾಡುತ್ತಾರೆ.

ಖಾನ್ ಸಾಹೇಬರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಸಣ್ಣ ಊರಿನಲ್ಲಿ. 'ಕಿರಾಣಾ ಘರಾಣೆ' ಎಂಬ ಹೆಸರು ಬಂದದ್ದು ಆ ಊರಿನಿಂದ. ಘರಾಣೆ ಎಂದರೆ ಒಂದು ಮನೆತನದ ಹಾಡುವ ರೀತಿ ಮತ್ತು ಅದನ್ನು ಪಡೆದ ಗುರು ಶಿಷ್ಯರ ಸಾಲು. ಬರೋಡಾ ಆಸ್ಥಾನದಲ್ಲಿದ್ದಾಗ ರಾಜಮನೆತನದ ಸಂಬಂಧಿಯಾಗಿದ್ದ ತಾರಾಬಾಯಿ ಮಾನೆ ಅವರ ಶಿಷ್ಯೆಯಾದರು, ಬಳಿಕ ಪತ್ನಿಯಾದರು. ಇಬ್ಬರೂ ಬರೋಡಾ ಬಿಟ್ಟು ಬರಬೇಕಾಯಿತು. 1913ರಲ್ಲಿ ಖಾನ್ ಸಾಹೇಬರು ಪುಣೆಯಲ್ಲಿ ಒಂದು ಸಂಗೀತ ಶಾಲೆ ತೆರೆದರು. ಅದಕ್ಕೆ ಇಟ್ಟ ಹೆಸರು 'ಆರ್ಯ ಸಂಗೀತ ವಿದ್ಯಾಲಯ'.

ಈ ಹೆಸರಿನ ಮುಂದೆ ನಾನು ಸ್ವಲ್ಪ ನಿಲ್ಲುತ್ತೇನೆ. ಕೈರಾನಾದ ಒಬ್ಬ ಮುಸ್ಲಿಮ್ ಉಸ್ತಾದ್ ತನ್ನ ಶಾಲೆಗೆ 'ಆರ್ಯ' ಎಂದು ಏಕೆ ಹೆಸರಿಡಬೇಕು? ಟಿಳಕರ ಪುಣೆಯಲ್ಲಿ ಆಗ ರಾಷ್ಟ್ರೀಯತೆಯ ಗಾಳಿ ಬೀಸುತ್ತಿತ್ತು. ಮಕ್ಕಳನ್ನು ಕಳುಹಿಸಬೇಕಾದವರು ಅಲ್ಲಿನ ಮಧ್ಯಮ ವರ್ಗದ ಹಿಂದೂ ಕುಟುಂಬಗಳು. ಅವರ ಮನೆಯ ಬಾಗಿಲು ತಟ್ಟಲು ಆ ಹೆಸರು ಬೇಕಾಗಿತ್ತು ಎಂದು ನನಗನಿಸುತ್ತದೆ. ಶಾಲೆಯಲ್ಲಿ ಅನೇಕ ಮಕ್ಕಳು ಅವರ ಮನೆಯಲ್ಲೇ ಉಂಡು, ಅಲ್ಲಿಯೇ ಮಲಗಿ ಕಲಿಯುತ್ತಿದ್ದರು. ಖರ್ಚಿಗೆ ಖಾನ್ ಸಾಹೇಬರು ಊರೂರು ಸುತ್ತಿ ಟಿಕೆಟ್ ಕಛೇರಿ ಮಾಡುತ್ತಿದ್ದರು.

ಮುಂದೆ ತಾರಾಬಾಯಿ ಅವರಿಂದ ಬೇರೆಯಾದರು. ಮಕ್ಕಳನ್ನು ಕರೆದುಕೊಂಡು ಹೋಗಿ ತಮ್ಮ ಮನೆತನದ ಹೆಸರು ಕೊಟ್ಟು ಬೆಳೆಸಿದರು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆ ಆದರು. ಚಂಪಾಕಲಿ ಹೀರಾಬಾಯಿ ಬರೋಡೇಕರ್ ಆದರು. ಹೀರಾಬಾಯಿ ಮಹಾರಾಷ್ಟ್ರದಲ್ಲಿ ಟಿಕೆಟ್ ಕಛೇರಿ ನೀಡಿದ ಮೊದಮೊದಲ ಮಹಿಳೆಯರಲ್ಲಿ ಒಬ್ಬರೆಂದು ಪ್ರಸಿದ್ಧರು. ಒಂದು ಒಡೆದ ಸಂಸಾರದ ನೋವನ್ನು ಹೊರಗಿನವರು ತೀರ್ಮಾನಿಸಬಾರದು. ಆದರೆ ಒಂದು ಮಾತು ನಿಜ. ಯಾವ ಹೆಸರಿನವರು ಹಾಡಿದರೆ ಸಭೆ ಗೌರವದಿಂದ ಕೇಳುತ್ತದೆ ಎಂಬ ಲೆಕ್ಕ ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು.

ಖಾನ್ ಸಾಹೇಬರು 1937ರ ಅಕ್ಟೋಬರಿನಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ದಾರಿಯಲ್ಲಿ ಅಸ್ವಸ್ಥರಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಲ್ಲಿನ ಪ್ಲಾಟ್‌ಫಾರಮ್ಮಿನಲ್ಲೇ ಕೊನೆಯುಸಿರೆಳೆದರು. ಮಿರಜಕ್ಕೆ ತಂದು ದಫನ ಮಾಡಿದರು.

'ಬಚ್ಚಿಟ್ಟರು' ಎಂಬ ಆರೋಪ

ಸಂಗೀತದ ಇತಿಹಾಸ ಹೇಳುವ ಪುಸ್ತಕಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಮುಸ್ಲಿಮ್ ಉಸ್ತಾದರು ಅನಕ್ಷರಸ್ಥರು, ವಿದ್ಯೆಯನ್ನು ಮುಚ್ಚಿಟ್ಟವರು, ಮಗನಿಗೂ ಅಳಿಯನಿಗೂ ಮಾತ್ರ ಕೊಟ್ಟವರು. ಅವರ ಮುಷ್ಟಿಯಿಂದ ಸಂಗೀತವನ್ನು ಬಿಡಿಸಿ ಪುಸ್ತಕ, ಶಾಲೆ, ಪರೀಕ್ಷೆಗಳ ಮೂಲಕ ಜನರಿಗೆ ಕೊಟ್ಟವರು ವಿಷ್ಣು ದಿಗಂಬರ ಪಲುಸ್ಕರ್ ಮತ್ತು ವಿಷ್ಣು ನಾರಾಯಣ ಭಾತಖಂಡೆ. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ವಕೀಲರಾಗಿದ್ದ ಭಾತಖಂಡೆಯವರು 1916ರಲ್ಲಿ ಬರೋಡಾದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ಸೇರಿಸಿದರು, 1926ರಲ್ಲಿ ಲಖನೌದಲ್ಲಿ ಕಾಲೇಜು ಸ್ಥಾಪನೆಗೆ ಕಾರಣರಾದರು.

ಇಬ್ಬರೂ ದೊಡ್ಡವರು, ಅನುಮಾನವಿಲ್ಲ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ. ಪಲುಸ್ಕರರ ಶಾಲೆಗೆ 15 ವರ್ಷ ಮೊದಲು, 1886ರಲ್ಲಿ, ಬರೋಡಾದಲ್ಲಿ ಮಹಾರಾಜರ ಆಶ್ರಯದಲ್ಲಿ ಸಂಗೀತ ಶಾಲೆ ನಡೆಸಲಾರಂಭಿಸಿದವರು ಮೌಲಾಬಕ್ಷ್ ಎಂಬ ಉಸ್ತಾದರು. ಅವರು ನಮ್ಮ ಮೈಸೂರಿಗೂ ಬಂದು ಕರ್ನಾಟಕ ಸಂಗೀತ ಕಲಿತು ಅರಮನೆಯ ಗೌರವ ಪಡೆದವರು. ಸ್ವರಗಳನ್ನು ಬರೆಯುವ ಲಿಪಿ ರೂಪಿಸಿ ಪಾಠಪುಸ್ತಕ ಬರೆದರು. ಪಶ್ಚಿಮ ದೇಶಗಳಲ್ಲಿ ಸೂಫಿ ಚಿಂತನೆ ಹರಡಿದ ಹಜರತ್ ಇನಾಯತ್ ಖಾನ್ ಈ ಮೌಲಾಬಕ್ಷರ ಮೊಮ್ಮಗ. ಸ್ವರಲಿಪಿ ಎಂದ ಕೂಡಲೇ ಎರಡು ಹೆಸರು ಹೇಳುವ ನಮ್ಮ ಪಠ್ಯಗಳಲ್ಲಿ ಈ ಮೂರನೆಯ ಹೆಸರಿಗೆ ಜಾಗವಿಲ್ಲ.

ಭಾತಖಂಡೆಯವರ ಪುಸ್ತಕಗಳಲ್ಲಿನ ಚೀಜುಗಳಾದರೂ ಎಲ್ಲಿಂದ ಬಂದವು? ರಾಂಪುರದ ವಜೀರ್ ಖಾನರಲ್ಲಿ ಅವರು ಶಿಷ್ಯತ್ವ ಪಡೆದರು. ಜೈಪುರದ ಮುಹಮ್ಮದ್ ಅಲಿ ಖಾನರ ಮನೆಯಿಂದ ನೂರಾರು ಚೀಜುಗಳನ್ನು ಸಂಗ್ರಹಿಸಿದರು. ಅಂದರೆ ಮುಷ್ಟಿ ಬಿಚ್ಚಿದವರೂ ಉಸ್ತಾದರೇ. ಭಾತಖಂಡೆಯವರು ಸಣ್ಣ ಮನಸ್ಸಿನವರಾಗಿರಲಿಲ್ಲ. ಆದರೆ ಅವರ ನಂತರ ಒಂದು ಬದಲಾವಣೆಯಾಯಿತು. ಉಸ್ತಾದ್ ಎಂದರೆ ಮಾಹಿತಿ ಕೊಡುವವನು, ಪಂಡಿತ ಎಂದರೆ ಅದನ್ನು ಶಾಸ್ತ್ರ ಮಾಡುವವನು ಎಂಬಂತಾಯಿತು. ಪರೀಕ್ಷೆ, ಪದವಿ, ಸರ್ಟಿಫಿಕೇಟು ಬಂದ ಮೇಲೆ ಅಕ್ಷರ ಬಾರದ ಉಸ್ತಾದ್ ತಾನು ಹುಟ್ಟುಹಾಕಿದ ವಿದ್ಯೆಯಲ್ಲೇ ಫೇಲಾದನು.

ಬಚ್ಚಿಟ್ಟದ್ದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಅಪರೂಪದ ರಾಗ, ಚೀಜುಗಳನ್ನು ಮನೆಯವರಿಗಾಗಿ ಕಾದಿಟ್ಟವರಿದ್ದರು. ಫರೂಕಾಬಾದಿನ ಹಾಜಿ ವಿಲಾಯತ್ ಅಲಿ ಖಾನರಿಗೆ ಲಖನೌದ ಮಾವ ಮಗಳ ಜೊತೆ ತಬಲಾದ ಗತ್ತುಗಳನ್ನೇ ವರದಕ್ಷಿಣೆಯಾಗಿ ಕೊಟ್ಟರೆಂದು ತಬಲಾ ವಾದಕರು ಇಂದಿಗೂ ಹೇಳುತ್ತಾರೆ. ವರದಕ್ಷಿಣೆ ನಮಗೆ ಬೇಡದ ಪದ್ಧತಿ, ಆ ಮಾತು ಬೇರೆ. ಇಲ್ಲಿ ನೋಡಬೇಕಾದದ್ದು, ಹೊಲವಿಲ್ಲದ, ಅಂಗಡಿಯಿಲ್ಲದ ಮನೆತನಕ್ಕೆ ಆ ಗತ್ತುಗಳೇ ಆಸ್ತಿಯಾಗಿದ್ದವು. ತನ್ನ ಹೊಲವನ್ನು ಊರಿಗೆಲ್ಲ ಹಂಚದ ರೈತನನ್ನು ನಾವು ಜಿಪುಣ ಎನ್ನುತ್ತೇವೆಯೇ?

ಮದ್ರಸಾದಲ್ಲಿ ನಾವು 'ಮೀರಾಸ್' ಎಂಬ ವಿಷಯ ಓದುತ್ತೇವೆ. ತೀರಿಹೋದವರ ಆಸ್ತಿ ವಾರಸುದಾರರಿಗೆ ಹೇಗೆ ಹಂಚಿಕೆಯಾಗಬೇಕು ಎಂಬ ಶಾಸ್ತ್ರ ಅದು. ಉತ್ತರ ಭಾರತದಲ್ಲಿ ವಂಶಪಾರಂಪರ್ಯವಾಗಿ ಹಾಡುವವರನ್ನು ಕರೆಯುವ 'ಮೀರಾಸಿ' ಎಂಬ ಪದ ಹುಟ್ಟಿದ್ದು ಅದೇ ಮೂಲದಿಂದ. ವಿದ್ಯೆಯನ್ನು ಪಿತ್ರಾರ್ಜಿತವಾಗಿ ಪಡೆದವನು ಎಂದರ್ಥ. ಆ ಪದವನ್ನು ಬೈಗುಳವಾಗಿ ಮಾಡಿದವರು ಯಾರು? ಇಲ್ಲಿ ಬೇರೆಯವರ ಕಡೆ ಬೆರಳು ತೋರಿಸಲಾಗದು. ನಾವೇ.

ಕುಂದಗೋಳ, ಮನಸೂರು, ಗದಗ

ಉಸ್ತಾದರು ಯಾರಿಗೆ ಕಲಿಸಿದರು ಎಂಬುದಕ್ಕೆ ಉತ್ತರ ಬೇಕಾದರೆ ನಮ್ಮ ಧಾರವಾಡ ಸೀಮೆಯನ್ನು ನೋಡಬೇಕು. ಕುಂದಗೋಳದ ರಾಮಭಾವು ಅಬ್ದುಲ್ ಕರೀಮ್ ಖಾನರ ಶಾಗಿರ್ದರಾಗಿ ಸವಾಯಿ ಗಂಧರ್ವರೆಂದು ಹೆಸರಾದರು. ಅವರಿಂದ ಭೀಮಸೇನ ಜೋಶಿ ಮತ್ತು ಗಂಗೂಬಾಯಿ ಹಾನಗಲ್ ಕಲಿತರು. ಗದಗಿನ ಬಾಲಕ ಭೀಮಸೇನ 1933ರಲ್ಲಿ ಮನೆ ಬಿಟ್ಟು ಓಡಿದ್ದು ಖಾನ್ ಸಾಹೇಬರ ಗ್ರಾಮಾಫೋನ್ ತಟ್ಟೆ ಕೇಳಿ. 2008ರಲ್ಲಿ ಅವರಿಗೆ ಭಾರತರತ್ನ ಬಂತು.

ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಅವರು ಕಲಿತದ್ದು ಕೊಲ್ಹಾಪುರ ಆಸ್ಥಾನದ ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ. ಮಂಜಿ ಖಾನರು 1937ರಲ್ಲಿ ತೀರಿಕೊಂಡಾಗ ಅವರ ತಮ್ಮ ಶಿಷ್ಯನ ಕೈಬಿಡಲಿಲ್ಲ. ಆ ಶಿಷ್ಯ ಲಿಂಗಾಯತ. ಮುಂದೆ ಅದೇ ಕಂಠದಲ್ಲಿ ಬಸವಾದಿ ಶರಣರ ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿದರು. 'ನನ್ನ ರಸಯಾತ್ರೆ' ಎಂಬ ಆತ್ಮಕಥೆಯನ್ನೂ ಬರೆದರು.

ಇನ್ನೂ ಒಂದು ಮನೆ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿನ ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಹುಟ್ಟು ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಅವರಿಗೆ ಹಿಂದುಸ್ತಾನಿ ಸಂಗೀತದ ತಾಲೀಮು ಕೊಟ್ಟವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರು. ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಸಾವಿರಾರು ಅಂಧ ಮತ್ತು ಬಡ ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿ ಕಲಿಸಿದರು. ಆ ಹಾಡಿನ ಮೂಲ ಹುಡುಕಿದರೆ ಕೈರಾನಾದ ಒಬ್ಬ ಖಾನ್ ಸಾಹೇಬರು ಸಿಗುತ್ತಾರೆ. ಈ ವಿಷಯ ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ, ಅದೂ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗಾಯಕರೊಬ್ಬರಿಂದ. ನಮ್ಮ ಯಾವ ಜಲ್ಸಾದಲ್ಲೂ, ಯಾವ ಭಾಷಣದಲ್ಲೂ ನಾನು ಅದನ್ನು ಕೇಳಿರಲಿಲ್ಲ.

ಗಂಗೂಬಾಯಿಯವರ ಕಥೆಯನ್ನು ನಮ್ಮ ಸಹೋದರಿಯರು ಓದಲೇಬೇಕು. 'ನನ್ನ ಬದುಕಿನ ಹಾಡು' ಎಂಬ ಅವರ ಆತ್ಮಕಥೆ ಇದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ 11 ವರ್ಷದ ಅವರೂ ಒಬ್ಬರು. ಹಾಡಿದ ಸಂತೋಷಕ್ಕಿಂತ ಹೆಚ್ಚಾಗಿ ಅವರ ನೆನಪಿನಲ್ಲಿ ಉಳಿದದ್ದು ಒಂದು ಅಂಜಿಕೆ. ಕೆಳಜಾತಿಯ ಹುಡುಗಿ ಎಂದು ಊಟದ ನಂತರ ಜಾಗ ಸ್ವಚ್ಛ ಮಾಡಲು ಹೇಳುತ್ತಾರೇನೋ ಎಂಬ ಅಂಜಿಕೆ! ಧಾರವಾಡದ ಓಣಿಯಲ್ಲಿ ನಡೆದರೆ ಹಾಡುವವಳು ಬಂದಳೆಂದು ಹೀಯಾಳಿಕೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ದಿನಾ ರೈಲಿನಲ್ಲಿ ಹೋಗಿ ಕಲಿತು ಬರುವಾಗಲೂ ಅದೇ ಮಾತು. ವಯಸ್ಸಾದ ಮೇಲೆ ಅವರು ನಗುತ್ತಲೇ ಹೇಳುತ್ತಿದ್ದ ಮಾತಿನ ಸಾರ ಹೀಗಿದೆ: ಗಂಡಸು ಮುಸಲ್ಮಾನನಾದರೆ ಉಸ್ತಾದ್, ಹಿಂದೂವಾದರೆ ಪಂಡಿತ, ಹೆಂಗಸು ಎಷ್ಟೇ ದೊಡ್ಡವಳಾದರೂ ಬರೀ 'ಬಾಯಿ'. ಅಲ್ಲಾದಿಯಾ ಖಾನರ ಶಿಷ್ಯೆಯರಾದ ಕೇಸರಬಾಯಿ ಕೇರಕರ್, ಮೋಗೂಬಾಯಿ ಕುರ್ಡೀಕರ್ ಅವರೂ 'ಬಾಯಿ'ಗಳಾಗಿಯೇ ಉಳಿದರು. ದೇವದಾಸಿ, ಕಲಾವಂತ ಮನೆತನಗಳ ಹೆಣ್ಣುಮಕ್ಕಳನ್ನು ಶಾಲೆಗಳು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಕಾಲದಲ್ಲಿ ಅವರಿಗೆ ಎದುರು ಕುಳಿತು ಪೂರ್ಣ ವಿದ್ಯೆ ಕೊಟ್ಟವರಲ್ಲಿ ಈ ಖಾನ್ ಸಾಹೇಬರುಗಳು ಮುಂದಿದ್ದರು. ಪುಕ್ಕಟೆ ಕೊಟ್ಟರೆಂದು ನಾನು ಹೇಳುವುದಿಲ್ಲ. ಕೆಲವರು ದೊಡ್ಡ ಮೊತ್ತವನ್ನೇ ತೆಗೆದುಕೊಂಡರು. ಅದು ಅವರ ದುಡಿಮೆ.

ರೇಡಿಯೊ ಬಂತು

ರಾಜರು ಹೋದ ಮೇಲೆ ಸಂಗೀತಗಾರರಿಗೆ ಹೊಸ ದೊರೆಯಾದದ್ದು ರೇಡಿಯೊ. 1946ರಲ್ಲಿ ಪ್ರಸಾರ ಖಾತೆ ವಲ್ಲಭಭಾಯಿ ಪಟೇಲರ ಕೈಗೆ ಬಂದಾಗ, ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾದವರಿಗೆ ಅವಕಾಶ ಕೊಡಕೂಡದೆಂಬ ನಿಯಮ ಬಂತು. ಯಾರ ಖಾಸಗಿ ಬದುಕು? ಗಂಡಸರದ್ದಲ್ಲ. ತಲೆಮಾರುಗಳಿಂದ ಠುಮ್ರಿ, ಗಜಲ್ ಕಾಪಾಡಿದ್ದ ತವಾಯಿಫ್ ಮನೆತನಗಳ ಹೆಣ್ಣುಮಕ್ಕಳು ಹೊರಗುಳಿದರು. ಅವರ ಹಾಡುಗಳು ಮಾತ್ರ ಒಳಗೆ ಬಂದವು, ಬೇರೆಯವರ ಬಾಯಿಂದ.

1952ರಿಂದ 1962ರವರೆಗೆ ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸಕರ್ ಸ್ವತಃ ಸಂಗೀತ ಬಲ್ಲವರು. ಸಿನಿಮಾ ಹಾಡನ್ನು ಆಕಾಶವಾಣಿಯಿಂದ ಹೊರಗಟ್ಟಿ ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ಸಮಯ ಕೊಟ್ಟರು. ಆದರೆ ಜನ ರೇಡಿಯೊ ಸಿಲೋನ್ ಕಡೆ ತಿರುಗಿದರು, 1957ರಲ್ಲಿ ವಿವಿಧ ಭಾರತಿ ತೆರೆಯಬೇಕಾಯಿತು. ಮುಸ್ಲಿಮರ ಕೈಯಲ್ಲಿ ಸಂಗೀತ ತನ್ನ ಆಧ್ಯಾತ್ಮಿಕ ಬೇರುಗಳಿಂದ ದೂರವಾಯಿತು ಎಂಬುದು ಅವರ ಅಭಿಪ್ರಾಯವಾಗಿತ್ತು. ಅವರ ಕಾಲದಲ್ಲಿ ಎಲ್ಲ ಕಲಾವಿದರೂ ಪರದೆಯ ಹಿಂದೆ ಕುಳಿತ ಸಮಿತಿಯ ಮುಂದೆ ಆಡಿಷನ್ ಕೊಡಬೇಕಾಯಿತು. ಜೀವಮಾನವಿಡೀ ಹಾಡಿದವರಿಗೆ ರಾಗದ ವ್ಯಾಕರಣ ಕೇಳಿದರು. ಆದರೂ ನ್ಯಾಯವಾಗಿ ಹೇಳುವುದಾದರೆ, ಅದೇ ರೇಡಿಯೊ ಎಷ್ಟೋ ಖಾನ್ ಸಾಹೇಬರಿಗೆ ತಿಂಗಳ ಸಂಬಳ ಕೊಟ್ಟಿತು. ಮೈಸೂರಿನಿಂದ 'ಸಿತಾರ್ ರತ್ನ' ಬಿರುದು ಪಡೆದು ಧಾರವಾಡದಲ್ಲಿ ನೆಲೆಸಿದ ಉಸ್ತಾದ್ ರಹಿಮತ್ ಖಾನರ ಮನೆಯಲ್ಲಿ ವಿದ್ಯೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿದು ಬಂತು. ಮೊಮ್ಮಗ ಉಸ್ತಾದ್ ಬಾಲೇ ಖಾನ್ 2007ರಲ್ಲಿ ತೀರಿಕೊಂಡಾಗ ಇಡೀ ಧಾರವಾಡ ಮರುಗಿತು.

ಇಂತಹ ಮನೆಗಳು ಎಷ್ಟಿವೆ? ಬೆರಳೆಣಿಕೆ. ಉಳಿದ ಕಡೆ ಮಕ್ಕಳು ಬೇರೆ ಕೆಲಸಕ್ಕೆ ಹೋದರು.

ನಮ್ಮ ಮನೆಯ ಬಾಗಿಲು

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಬೇಕಾದದ್ದೇ. ಸಂಗೀತದ ಬಗ್ಗೆ ನಮ್ಮ ಧರ್ಮ ಏನೆನ್ನುತ್ತದೆ? ನಾನು ಫತ್ವಾ ಕೊಡುವವನಲ್ಲ. ನಾನು ಕಲಿತ ಮದ್ರಸಾದ ಉಸ್ತಾದರು ವಾದ್ಯಗಳನ್ನು ನಿಷಿದ್ಧವೆಂದೇ ಕಲಿಸಿದರು, ಅನೇಕ ಹಿರಿಯ ಉಲೇಮಾಗಳ ಅಭಿಪ್ರಾಯ ಅದೇ. ಇಮಾಮ್ ಗಜ್ಜಾಲಿಯವರು 'ಇಹ್ಯಾ'ದಲ್ಲಿ ಸಮಾ ಕುರಿತು ಒಂದು ಇಡೀ ಅಧ್ಯಾಯ ಬರೆದು, ಷರತ್ತುಗಳನ್ನು ಹಾಕಿ, ಯಾವುದು ಸಲ್ಲುತ್ತದೆ ಯಾವುದು ಸಲ್ಲದು ಎಂದು ಬಿಡಿಸಿಟ್ಟಿದ್ದಾರೆ. ಚಿಶ್ತಿ ಸೂಫಿಗಳ ದಾರಿ ಬೇರೆ. ಈ ಚರ್ಚೆ ಸಾವಿರ ವರ್ಷದ್ದು, ಈ ಲೇಖನದಲ್ಲಿ ಮುಗಿಯುವಂಥದ್ದಲ್ಲ. ನನ್ನ ಮಗನಿಗೆ ನಾನು ಸಂಗೀತ ಕಲಿಸಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಒಂದು ಕೆಲಸವನ್ನು ಮಾಡದಿರುವುದು ಬೇರೆ, ಆ ಕೆಲಸ ಮಾಡಿದವರನ್ನು ಕೀಳಾಗಿ ಕಾಣುವುದು ಬೇರೆ. ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗನಿದ್ದ. ತಂದೆ ಮದುವೆಗಳಲ್ಲಿ ಬ್ಯಾಂಡ್ ಬಾರಿಸುವವರು, ಕ್ಲಾರಿನೆಟ್ ಊದುತ್ತಿದ್ದರು. ಹುಡುಗ ಓದಿನಲ್ಲಿ ಚುರುಕು. ವಿದ್ಯಾರ್ಥಿವೇತನ ಕೊಡುವ ನಮ್ಮವರದೇ ಒಂದು ಸಮಿತಿಯ ಮುಂದೆ ಅವನ ಅರ್ಜಿ ಬಂತು. "ಬಾಜಾದವರ ಹುಡುಗ, ಆ ದುಡ್ಡಿನ ಮನೆ" ಎಂದು ಒಬ್ಬರು ಹೇಳಿದರು. ಅರ್ಜಿ ಬದಿಗೆ ಸರಿಯಿತು. ಆ ಸಭೆಯಲ್ಲಿ ಹಿರಿಯರೊಬ್ಬರ ಮಗಳ ಮದುವೆ ಹಿಂದಿನ ತಿಂಗಳಷ್ಟೇ ಆಗಿತ್ತು, ಮೆರವಣಿಗೆಯಲ್ಲಿ ಬ್ಯಾಂಡ್ ಊದಿದವರು ಆ ಹುಡುಗನ ತಂದೆಯೇ. ಇದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಹೊಸ ಮಾಸ್ತರ, ಎಲ್ಲರಿಗಿಂತ ಕಿರಿಯ ಎಂಬ ನೆಪ ನನ್ನಲ್ಲಿತ್ತು. ಒಂಬತ್ತನೆಯ ತರಗತಿಗೆ ಆ ಹುಡುಗ ಬರಲಿಲ್ಲ.

ಇನ್ನೊಂದು ಕಡೆಯನ್ನೂ ನೋಡಿ. ಮೈಸೂರಿನ ಅರಮನೆ 'ಆಫ್ತಾಬ್-ಎ-ಮೌಸಿಖಿ', ಅಂದರೆ ಸಂಗೀತದ ಸೂರ್ಯ, ಎಂದು ಬಿರುದು ಕೊಟ್ಟ ಉಸ್ತಾದ್ ಫೈಯಾಜ್ ಖಾನರು 1950ರಲ್ಲಿ ಬರೋಡಾದಲ್ಲಿ ತೀರಿಕೊಂಡರು. 2002ರ ಗುಜರಾತ್ ಗಲಭೆಯಲ್ಲಿ ಅವರ ಗೋರಿಯ ಮೇಲೂ ದಾಳಿಯಾಯಿತು. ಅವರು ಕಲಿಸಿದ ಶಿಷ್ಯರಲ್ಲಿ ಎಷ್ಟೋ ಮಂದಿ ಹಿಂದೂಗಳು, ಎಷ್ಟೋ ಚೀಜುಗಳು ಕೃಷ್ಣನ ಮೇಲಿನವು. ಗೋರಿಗೆ ಬೆಂಕಿ ಇಟ್ಟವರಿಗೆ ಆ ಹೆಸರು ಮಾತ್ರ ಕಂಡಿತು. 2017ರಲ್ಲಿ ಕನ್ನಡ ಟಿವಿಯ ಹಾಡಿನ ಸ್ಪರ್ಧೆಯಲ್ಲಿ ನಮ್ಮ ಸಮುದಾಯದ ಹುಡುಗಿಯೊಬ್ಬಳು ಹಿಂದೂ ಭಕ್ತಿಗೀತೆ ಹಾಡಿದಾಗ ಫೇಸ್‌ಬುಕ್ಕಿನಲ್ಲಿ ನಮ್ಮವರೇ ಕೆಲವರು ಅವಳನ್ನು ಬೈದರು. ಇನ್ನು ಕೆಲವರು ಅವಳನ್ನು ಸೌಹಾರ್ದದ ಬಾವುಟ ಮಾಡಿ ಹಿಡಿದರು. ಆ ಮಗು ಎಷ್ಟು ವರ್ಷ ಅಭ್ಯಾಸ ಮಾಡಿದೆ, ಶ್ರುತಿ ಹೇಗೆ ನಿಲ್ಲಿಸುತ್ತದೆ ಎಂದು ಕೇಳಿದವರು ಕಡಿಮೆ.

ಸಂಜೆ ಅಂಗಡಿಗೆ ಮರಳಿದಾಗ ಚಾಚಾ ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿ ಜವಾರಿ ತೆಗೆಯುತ್ತಿದ್ದರು. ಒಂದು ಉಜ್ಜು, ತಂತಿ ಮೀಟಿ ಕಿವಿಗೊಡುವುದು, ಮತ್ತೆ ಒಂದು ಉಜ್ಜು. ಹಿಫ್ಜ್ ತರಗತಿಯಲ್ಲಿ ನಮ್ಮ ಖಾರಿ ಸಾಹೇಬರು ಒಂದೇ ಅಕ್ಷರವನ್ನು ನಲವತ್ತು ಸಲ ಹೇಳಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ನೆನಪಾಯಿತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ, ಕಿವಿಯಿಂದ ಕಿವಿಗೆ ದಾಟಿಸುವ ತಾಳ್ಮೆ ಒಂದೇ ತರಹದ್ದು. ಕೂಲಿ ಎಷ್ಟು ಎಂದು ಕೇಳಿದೆ. ಸಾಲಿ ಮಕ್ಕಳಿಗಾದರೆ ತಂತಿಯ ದುಡ್ಡು ಮಾತ್ರ ಕೊಡಿ ಎಂದರು. ನಾನು ಒಪ್ಪಲಿಲ್ಲ, ಪೂರ್ತಿ ಕೊಟ್ಟೆ. ಚಾಚಾ ಎಣಿಸದೆ ಜೇಬಿಗೆ ಹಾಕಿಕೊಂಡರು.

ಅಕ್ಕೋರು ಶನಿವಾರದ ತರಗತಿಗೆ ಹೆಸರು ಬರೆದುಕೊಂಡರು. ಒಂಬತ್ತು ಮಕ್ಕಳು, ಅದರಲ್ಲಿ ಇಬ್ಬರು ನಮ್ಮವರು. ಒಬ್ಬಳ ತಂದೆ ಸಂತೆಯಲ್ಲಿ ಹಣ್ಣು ಮಾರುವವರು. ಮರುದಿನ ಸಾಲಿ ಬಿಡುವ ಹೊತ್ತಿಗೆ ಗೇಟಿನ ಬಳಿ ಗಾಡಿ ನಿಲ್ಲಿಸಿ ನನ್ನನ್ನು ಕರೆದರು. ಬೇಡ ಎನ್ನಲು ಬಂದಿದ್ದಾರೆ ಎಂದುಕೊಂಡು, ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಲೇ ಹೋದೆ.

"ಮೌಲಾನಾ, ಅದು ನಾಕು ಮಂದ್ಯಾಗ ಹಾಡೂದಲ್ಲ, ಬರೇ ಕಲಿಯೂದು, ಹೌದಲ್ಲ?" ಎಂದರು.

"ಮೊದಲು ಕಲೀಲಿ" ಎಂದೆ.

ಅವರು ಗಾಡಿಯ ಮೇಲಿನ ಪೇರಲ ಹಣ್ಣುಗಳನ್ನು ಸುಮ್ಮನೆ ಸರಿಪಡಿಸಿದರು. "ಫೀಸ್ ಎಷ್ಟು?" ಎಂದು ಕೇಳಿದರು.